ಗೂಡಿನೊಳಗಿನ ಮರುಕೂಗು

“ಬೆಳಿಗ್ಗೆ ನಾನು ಓಗೊಡದಿದ್ದರೂ ನೀವು ಕೂಗೋದು ಬಿಡಬೇಡಿ,” ಎಂದು ಹೇಳಿ ಲೊವೆನಾ ಕಣ್ಣು ಮುಚ್ಚಿದಳು. ಕಾರ್ನ್‌ವಾಲ್‌ನ ಕಡಲಂಚಿನಲ್ಲಿ, ಹಾಳುಬಿದ್ದ ತವರದ ಗಣಿಯೊಳಗೆ ಗೂಡು ಕಟ್ಟಿದ್ದ ಕೆಂಪು ಕೊಕ್ಕಿನ ಕಾಗೆಗಳಲ್ಲಿ ಈಗ ಅವಳ ಗಂಡ ಮುದುಕ ಜಾಗೊ ಒಬ್ಬನೇ ಉಳಿದ. ಆ ಕುಲದಲ್ಲಿ ಬೆಳಗಾದರೆ ಗಂಡು ಬಂಡೆಯ ಮೇಲೆ ಕೂತು ಕೂಗಬೇಕು, ಹೆಣ್ಣು ಗೂಡಿನೊಳಗಿಂದ ಓಗೊಡಬೇಕು.

ಮರುದಿನ ಸಂಜೆ ಬೇರೆ ಕುಲದ ಬೂದು ಕತ್ತಿನ ಕಾಗೆಗಳ ಗುಂಪೊಂದು ಬಂತು. ಹಳೆಮಾತು ಉಳಿಸುವ ಸಂಘ ಅವರದು.

“ಅಳಬೇಡಿ ಅಜ್ಜ, ನಿಮ್ಮ ಮಾತು ಸಾಯೋದಿಲ್ಲ. ಹಬ್ಬಹಬ್ಬಕ್ಕೂ ಬಂಡೆ ಮುಂದೆ ನಿಂತು ಕಲಿತಿದ್ದೇವೆ,” ಎಂದ ಅಧ್ಯಕ್ಷ.

“ಹಾಗಾದರೆ ಓಗೊಡಿ,” ಎಂದು ಜಾಗೊ ಕೂಗಿದ.

ಎಲ್ಲರೂ ಅದೇ ಕೂಗನ್ನು ತಿರುಗಿ ಕೂಗಿದರು.

“ಅದು ನಂದು. ಅವಳದೆಲ್ಲಿ?”

ಅಧ್ಯಕ್ಷ ತಲೆ ತಗ್ಗಿಸಿದ. “ನೀವು ಕೂಗಿದ ಕೂಡಲೇ ನಾವು ರೆಕ್ಕೆ ಬಡಿದು ಮೆಚ್ಚುತ್ತಿದ್ದೆವು. ಆ ಸದ್ದಲ್ಲಿ ಅಜ್ಜಿಯ ದನಿ ಕೇಳಿಸುತ್ತಿರಲಿಲ್ಲ.”

“ಒಳಗೆ ಬಂದು ಕೇಳಬಹುದಿತ್ತು ಕಣ್ರಪ್ಪಾ. ನಿನ್ನೆವರೆಗೂ ಇದ್ದಳು.”

ಮರುದಿನ ಬೆಳಿಗ್ಗೆ ಜಾಗೊ ಅವರನ್ನು ಕೂಗಲು ಬಂಡೆಗೆ ಕಳಿಸಿದ. ತಾನು ಗೂಡಿನೊಳಗೆ ಅವಳ ಜಾಗದಲ್ಲಿ ಕೂತು, ಅವಳ ಹಾಗೆ ಓಗೊಟ್ಟ.