ಹುರಿಗಡಲೆ ದ್ಯಾವಣ್ಣ ಕೆರೆಬೀದಿ ಗೆದ್ದದ್ದು

"ಕೇಳ್ರಪ್ಪೋ ಕೇಳಿ! ಮಣಿಗೇರಿಯ ದೊರೆ ಕಾಂತರಸರ ಅಪ್ಪಣೆ! ದೊರೆಗಳ ಮೂರು ಒಗಟು ಬಿಡಿಸಿದವನಿಗೆ ಕೆರೆಬೀದಿಯ ಅಷ್ಟೂ ಮನೆಗಳು. ತಪ್ಪಿದವನ ತಲೆ ಹೋಗುತ್ತದೆ. ಬೀದಿ ಹೊಸ ಯಜಮಾನನ ಕೈ ಸೇರಿದ ದಿನವೇ ಬಾಡಿಗೆಯವರೆಲ್ಲ ಗಂಟುಮೂಟೆ ಕಟ್ಟತಕ್ಕದ್ದು!"

ಡಂಗುರದವನು ಇದನ್ನು ಕೆರೆಬೀದಿಯಲ್ಲೇ ನಿಂತು ಸಾರಿದ. ಅಲ್ಲಿದ್ದವರ ಎದುರಿಗೇ ಅವರನ್ನು ಹೊರಗೆ ಹಾಕುವ ಮಾತು! ನಾಚಿಕೆಯಾದರೂ ಬೇಡವೇ? ಆ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಹುರಿಗಡಲೆ ಮಾರುವ ದ್ಯಾವಣ್ಣನಿದ್ದ. ಒಳಗೆ ಅವನ ತಂಗಿ ನಾಗವ್ವ ತುಂಬು ಬಸುರಿ, ಇವತ್ತೋ ನಾಳೆಯೋ ಎನ್ನುವಂತಿದ್ದಳು. ಅವಳನ್ನು ಎಲ್ಲಿಗೆ ಕರೆದೊಯ್ಯುವುದು? ದ್ಯಾವಣ್ಣನಿಗೆ ಮೈಯೆಲ್ಲ ಉರಿಯಿತು. ಕಡಲೆ ಬುಟ್ಟಿ ಇಳಿಸಿ ನೇರ ಅರಮನೆಗೆ ನಡೆದ.

ಅಲ್ಲಿ ಆಗಲೇ ಇಬ್ಬರು ಸಾಲಿನಲ್ಲಿದ್ದರು: ಜವಳಿ ವ್ಯಾಪಾರಿ ಸೋಮಪ್ಪ ಮತ್ತು ದೊರೆಯ ಭಾವಮೈದುನ ಚೆಲುವರಾಜ. ದೊರೆ ಮೀಸೆ ತಿರುವಿ ಮೊದಲ ಒಗಟು ಹಾಕಿದ. "ಮನೆಯ ಜೊತೆಗೇ ಬರುತ್ತದೆ, ಕೊಂಡವನ ಸ್ವತ್ತಲ್ಲ. ಕೆಟ್ಟಿದ್ದರೆ ಕೆಡವಿ ಕಟ್ಟಿಸುವ ಹಾಗೂ ಇಲ್ಲ. ಏನದು?"

"ವಾಸ್ತು, ಪ್ರಭು," ಎಂದ ಸೋಮಪ್ಪ.

"ಬಾಗಿಲು ಕಿತ್ತು ಬೇರೆ ಕಡೆ ಇಟ್ಟರೆ ವಾಸ್ತು ಸರಿಹೋಯಿತು. ಎಳೆದುಕೊಂಡು ಹೋಗಿ!"

ಚೆಲುವರಾಜ ಬೆವರು ಒರೆಸಿಕೊಂಡು, "ದೆವ್ವ, ಭಾವ," ಎಂದ. ದೆವ್ವ ಬಿಡಿಸುವವರು ಊರಿಗೆ ನಾಲ್ಕು ಜನ ಇದ್ದಾರೆಂದು ದೊರೆ ಅವನನ್ನೂ ಎಳೆದೊಯ್ಯಿಸಿದ. ಹೆಂಡತಿಯ ತಮ್ಮನೆಂದೂ ನೋಡಲಿಲ್ಲ.

"ನೀನ್ಯಾರೋ?"

"ಕೆರೆಬೀದಿ ಬಾಡಿಗೆಯವನು ಬುದ್ಧಿ. ಒಂದು ಮಾತು ಕೇಳ್ತೀನಿ. ಆ ಬೀದೀನ ನೀವು ನೋಡಿದೀರಾ?"

"ನಾನ್ಯಾಕೆ ನೋಡಲಿ?"

"ಇವರಿಬ್ಬರೂ ನೋಡಿರ್ಲಿಲ್ಲ. ನೋಡದ ಮನೆಗೆ ತಲೆ ಕೊಡೋಕೆ ಬಂದಿದ್ರು. ನಿಮ್ಮ ಒಗಟಿಗೆ ಉತ್ತರ ನೆರೆಹೊರೆ."

ಮಣಿಗೇರಿಯಲ್ಲಿ ಹೊಸ ಮನೆಯ ಮೊದಲ ಒಲೆಗೆ ಪಕ್ಕದ ಮನೆಯಿಂದ ಕೆಂಡ ತರುವ ವಾಡಿಕೆ. ದೊಡ್ಡವರು ಅದಕ್ಕೆ ಆಳನ್ನು ಕಳಿಸುತ್ತಿದ್ದರು. ಹಾಗಾಗಿ ಪಕ್ಕದಲ್ಲಿ ಯಾರಿದ್ದಾರೆಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

"ಮನೆ ಕೊಂಡ ಮೇಲೆ ಕೆಂಡ ಕೇಳೋಕೆ ಹೋಗೋದಲ್ಲ ಬುದ್ಧಿ," ಎಂದ ದ್ಯಾವಣ್ಣ. "ಕೊಳ್ಳೋಕೆ ಮುಂಚೇನೇ ಹೋಗ್ಬೇಕು. ಬಾಗಿಲು ತೆಗೆಯೋ ರೀತೀಲೇ ಬೀದಿ ಹೆಂಗೈತೆ ಅಂತ ಗೊತ್ತಾಗ್ತದೆ. ಕೆತ್ತನೆ ಬಾಗಿಲು ನೋಡಿ ಮರುಳಾದವನು ಆಮೇಲೆ ಜನ್ಮಪೂರ್ತಿ ಜಗಳ ಆಡ್ಬೇಕು."

ದೊರೆಯ ಮುಖ ಗಂಟಿಕ್ಕಿತು. "ಎರಡನೆಯದು. ಹೊಟ್ಟೆ ತುಂಬಿದಾಗ ಯಜಮಾನನಿಗೆ ಉಣಬಡಿಸುತ್ತದೆ. ಹೊಟ್ಟೆ ಖಾಲಿಯಾದರೆ ಯಜಮಾನನನ್ನೇ ತಿನ್ನುತ್ತದೆ."

"ಬಾಡಿಗೆ ಮನೆ. ಜನ ಇದ್ರೆ ಅನ್ನ ಕೊಡ್ತದೆ. ಖಾಲಿ ಬಿದ್ರೆ ಕಂದಾಯ ನಿಲ್ಲಲ್ಲ, ಗೆದ್ದಲೂ ನಿಲ್ಲಲ್ಲ. ಬಾಡಿಗೆ ಸ್ವಲ್ಪ ಕಮ್ಮಿ ಆದ್ರೂ ಒಳ್ಳೆಯವರನ್ನ ಉಳಿಸ್ಕೊಳ್ಳೋನೇ ಜಾಣ."

ಸಭೆಯಲ್ಲಿ ಗುಸುಗುಸು ಎದ್ದಿತು. ದೊರೆ ಅಬ್ಬರಿಸಿದ. "ಮೂರನೆಯದು! ಬಾಗಿಲಿನಿಂದ ಬರುವುದಿಲ್ಲ. ಮೊದಲು ಹಿಡಿ ಮಣ್ಣು ಕೇಳುತ್ತದೆ. ಕೊಡದಿದ್ದರೆ ಗೋಡೆ ಕೇಳುತ್ತದೆ. ಆಗಲೂ ಸುಮ್ಮನಿದ್ದರೆ ಮನೆಯನ್ನೇ ಕೇಳುತ್ತದೆ."

ದ್ಯಾವಣ್ಣನಿಗೆ ನಗು ಬಂತು, ಸಿಟ್ಟೂ ಬಂತು. "ಮಣ್ಣಿನ ಮಾಳಿಗೆ ಸೋರೋದು! ಮಾಳಿಗೆ ಸೋರ್ತದೆ ಅಂತ ನಿಮ್ಮ ಪಾರುಪತ್ತೇಗಾರರಿಗೆ ಹೇಳಿ ಹೇಳಿ ನಮ್ಮ ಬಾಯಿ ಒಣಗ್ತು. ನಾವು ಕೊಟ್ಟ ಬಾಡಿಗೇನೆಲ್ಲ ನೀವು ಉಂಡ್ಬಿಟ್ರಿ. ರಿಪೇರಿಗೆ ಅಂತ ಒಂದು ಪಾಲು ಎತ್ತಿಟ್ಟಿದ್ರೆ ನಾಗವ್ವನ ಹಾಸಿಗೆ ಪಕ್ಕ ಪಾತ್ರೆ ಇಡೋ ಗತಿ ಬರ್ತಿರ್ಲಿಲ್ಲ. ಒಗಟು ಕಟ್ಟೋಕೆ ಬಂತು, ಮಾಳಿಗೆಗೆ ಮಣ್ಣು ಹಾಕ್ಸೋಕೆ ಬರ್ಲಿಲ್ವಾ?"

ಉತ್ತರ ಸರಿಯಾಗಿತ್ತು, ಕೊಟ್ಟ ಮಾತನ್ನು ಊರೇ ಕೇಳಿತ್ತು. ದೊರೆ ಹಲ್ಲು ಕಚ್ಚಿ ಕೀಲಿಕೈ ಗೊಂಚಲನ್ನು ದ್ಯಾವಣ್ಣನ ಕಾಲ ಬಳಿ ಎಸೆದ.

"ಬೀದಿ ನಿನ್ನದು. ಸಂಜೆಯೊಳಗೆ ನನ್ನ ಭಟರು ಬಾಡಿಗೆಯವರನ್ನು ಹೊರಗೆ ಹಾಕುತ್ತಾರೆ. ಅದೂ ಡಂಗುರದಲ್ಲಿದೆ."

"ಬೇಡ," ಎಂದ ದ್ಯಾವಣ್ಣ. ಆ ಸಭೆಯಲ್ಲಿ ಅದುವರೆಗೆ ಯಾರೂ ಆಡದ ಮಾತು ಅದು. "ಈಗ ಆ ಮನೆಗಳು ಯಾರವು, ಬುದ್ಧಿ?"

"ನಿನ್ನವು."

"ಹಂಗಾದ್ರೆ ಅಲ್ಲಿ ಯಾರಿರ್ಬೇಕು ಅಂತ ಹೇಳೋನೂ ನಾನೇ. ನಿಮ್ಮ ಭಟರನ್ನ ಬೀದಿ ತುದೀಲೇ ನಿಲ್ಸಿ."

ಅವನು ಬಗ್ಗಿ ಕೀಲಿಕೈ ಎತ್ತಿಕೊಂಡ. ದೊರೆಗೆ ಬಗ್ಗಿದ್ದಲ್ಲ, ಕೀಲಿಕೈಗೆ ಅಷ್ಟೇ. ಭಟರು ಬೀದಿ ತುದಿಯಲ್ಲೇ ನಿಂತರು. ನಾಗವ್ವ ಅದೇ ಮನೆಯಲ್ಲಿ ಹೆಣ್ಣುಮಗು ಹೆತ್ತಳು. ದೊರೆ ಅರಮನೆಯಲ್ಲಿ, ಕೆರೆಬೀದಿಯವರು ಕೆರೆಬೀದಿಯಲ್ಲಿ, ಕತೆ ಕೇಳಿದವರು ತಂತಮ್ಮ ಸೂರಿನಡಿ.