ಸೊಪ್ಪು ಕಟ್ಟಿಕೊಂಡ ನಿರ್ದೇಶಕ

ಬಿಳಿಗಿರಿ ಕಾಡಿನ ಸೋಲಿಗರ ಪೋಡು ಎಂಬ ಪುಟ್ಟ ಊರೊಂದಕ್ಕೆ ಸಿನಿಮಾದವರು ಬಂದರು. ಹಾಡಿಗೆ ಕುಣಿಯಲು ಊರಿನವರೇ ಬೇಕಂತೆ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಕೇತಮ್ಮನ ಅಪ್ಪ ಜಡೇಗೌಡರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಖುಷಿಯಿಂದ ಹೋದರು.

ಅವರನ್ನು ನೋಡಿದ್ದೇ ನಿರ್ದೇಶಕ ಸಿಡುಕಿದ. "ಅಂಗಿ ಬಿಚ್ಚಿಸ್ರೀ! ಮುಖಕ್ಕೆ ಮಸಿ ಬಳಿದು ಸೊಂಟಕ್ಕೆ ಸೊಪ್ಪು ಕಟ್ಟಿ. ಕಾಡಿನ ಜನ ಹೀಗಿರ್ತಾರಾ? ನಾನು ಸಂಶೋಧನೆ ಮಾಡಿಯೇ ಬಂದಿದ್ದೀನಿ."

ಜಡೇಗೌಡರು ತಲೆ ತಗ್ಗಿಸಿ ಅಂಗಿಯ ಗುಂಡಿಗೆ ಕೈ ಹಾಕಿದರು. ಜೊತೆಗೆ ಬಂದಿದ್ದ ಕೇತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮೆತ್ತಗೆ ಹೇಳಿದಳು:

"ಸಾಮಿ, ನೀವು ಎಲ್ಲ ತಿಳ್ಕಂಡೇ ಬಂದಿದ್ದೀರಿ. ಸೊಪ್ಪಿನ ಕುಣಿತ ಅಂದ್ಮೇಲೆ, ಕುಣಿಸೋ ಯಜಮಾನನೇ ಮೊದಲು ಸೊಪ್ಪು ಕಟ್ಟಿ ಕುಣೀಬೇಕು. ಆ ಪದ್ಧತಿ ನಿಮಗೆ ಗೊತ್ತಿರ್ತದಲ್ಲ?"

ಅಂಥ ಪದ್ಧತಿ ಎಲ್ಲೂ ಇರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ನಿರ್ದೇಶಕನಿಗೆ ಬಾಯಿ ಬರಲಿಲ್ಲ.

"ಗೊತ್ತು, ಗೊತ್ತು" ಅಂದ.

ಮಸಿ ಬಳಿದುಕೊಂಡು, ಸೊಪ್ಪು ಕಟ್ಟಿಕೊಂಡು, ಬರಿಮೈಯಲ್ಲಿ ಹೊಟ್ಟೆ ಕುಲುಕಿಸುತ್ತ ಕುಣಿದ. ಅವನ ಕಡೆಯವರೇ ಬಿದ್ದು ಬಿದ್ದು ನಕ್ಕರು. ಕ್ಯಾಮೆರಾದವನು ಅದನ್ನೂ ಚಿತ್ರೀಕರಿಸತೊಡಗಿದ.

"ನಿಲ್ಲಿಸೋ ಅದನ್ನ!" ನಿರ್ದೇಶಕ ಕಿರುಚಿದ. "ಇದನ್ನ ನಾಲ್ಕು ಜನ ನೋಡಿದರೆ ನನ್ನ ಮರ್ಯಾದೆ ಏನಾಗಬೇಕು?"

"ನಮ್ಮಪ್ಪನ್ನ ಹಿಂಗೆ ಊರೂರೇ ನೋಡಬಹುದಾ?" ಕೇತಮ್ಮ ಈಗ ಗಟ್ಟಿಯಾಗಿಯೇ ಕೇಳಿದಳು. "ನಿಮಗೊಂದು ಮರ್ಯಾದೆ, ನಮಗೊಂದಾ?"

ಅವಳು ಅಪ್ಪನನ್ನು ಕರೆದುಕೊಂಡು ಹೊರಟಳು. ಅವಳ ಹಿಂದೆ ಪೋಡಿನವರೆಲ್ಲ ಎದ್ದು ನಡೆದರು. ಹಾಡಿಗೆ ಕುಣಿಯಲು ಅಲ್ಲಿ ಉಳಿದದ್ದು ನಿರ್ದೇಶಕನೊಬ್ಬನೇ.