ಕಿವಿಗೊಂದು ಹಣ್ಣು

ಗೊರವಂಕವೊಂದು ಕೋಗಿಲೆಯ ಹಾಡುಗಳನ್ನು ಕಲಿತು ಹೊಳೆಯಾಚೆಯ ಹಕ್ಕಿಗಳಿಗೆ ಹಾಡಿ ಕೇಳಿಸುತ್ತಿತ್ತು. ಮೆಚ್ಚಿದವರು ಕೊಡುವ ಅತ್ತಿಹಣ್ಣಿನಿಂದಲೇ ಅದರ ಹೊಟ್ಟೆಪಾಡು ನಡೆಯುತ್ತಿತ್ತು.

ಒಂದು ದಿನ ಕೋಗಿಲೆ ಕರೆಸಿ ಹೇಳಿತು: "ಹಾಡು ನನ್ನದು. ಇನ್ನು ಮುಂದೆ ಪ್ರತಿ ಹಾಡಿಗೂ, ಕೇಳಿದ ಹಕ್ಕಿಗೊಂದರಂತೆ ನನಗೆ ಹಣ್ಣು ಸಲ್ಲಬೇಕು."

"ಕೇಳುವವರು ನೂರು, ಕೊಡುವವರು ಹತ್ತೇ ಮಂದಿ. ಕೇಳುವವರು ಹೆಚ್ಚಿದಷ್ಟೂ ನನಗೆ ಉಪವಾಸವೇ ಗತಿ. ಬಂದದ್ದರಲ್ಲಿ ಅರ್ಧ ತೆಗೆದುಕೊಳ್ಳಿ," ಎಂದು ಗೊರವಂಕ ಬೇಡಿಕೊಂಡಿತು.

"ದರ ಇಳಿಯುವುದಿಲ್ಲ."

ಗೊರವಂಕ ಭಾರವಾದ ಮನಸ್ಸಿನಿಂದ ಆ ಹಾಡುಗಳನ್ನು ಬಿಟ್ಟು, ತನ್ನದೇ ಒರಟು ದನಿಯಲ್ಲಿ ಹಾಡತೊಡಗಿತು.

ಕೆಲವು ವರ್ಷಗಳ ಮೇಲೆ ಕೋಗಿಲೆ ತಾನೇ ಹೊಳೆ ದಾಟಿ ಬಂದು ಹಾಡಿತು.

"ಚೆನ್ನಾಗಿದೆ. ತಾವು ಯಾರು?" ಎಂದು ಹಕ್ಕಿಗಳು ಕೇಳಿದವು.

ಗೊರವಂಕ ಮುಂದೆ ಬಂದು, "ನನಗೆ ಹಾಡು ಕಲಿಸಿದವರು," ಎಂದು ಪರಿಚಯ ಮಾಡಿಕೊಟ್ಟಿತು.